ಪರದೆಯಲ್ಲಿ ಹಿಡಿಯದ ಹೊಲ

ಕಂಪ್ಯೂಟರಿನ ಪರದೆ ದೊಡ್ಡದಾದಷ್ಟೂ ನೌಕರನ ಕಾರ್ಯದಕ್ಷತೆ ಹೆಚ್ಚುತ್ತದೆ ಎಂಬುದು ಸುರಪುರ ಕಡೆಯ ನಮ್ಮ ಕಾಲುವೆ ಕಚೇರಿಯಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆ. ಸಾಬೀತು ಮಾಡಿದವರು ನಾವೇ. ಊರವರು ಏನಾದರೂ ಅಂದುಕೊಳ್ಳಲಿ, ಆಡುವವರ ಬಾಯಿಗೆ ಬೀಗ ಹಾಕಲಾದೀತೇ?

ಮೊದಲು ನಮ್ಮಲ್ಲಿದ್ದದ್ದು ಊಟದ ತಟ್ಟೆಯಷ್ಟಗಲದ ಪರದೆ. ಅದರಲ್ಲಿ ಕಾಲುವೆಯ ನಕ್ಷೆ ಏಳನೆಯ ಗೇಟಿಗೇ ಮುಗಿಯುತ್ತಿತ್ತು. ಪರದೆಯಲ್ಲಿ ಕಾಣುವ ಗೇಟನ್ನಷ್ಟೇ ತೆಗೆಯಬೇಕೆಂಬುದು ನಿಯಮ. ಕಾಣದ್ದನ್ನು ತೆಗೆಯಲು ನಾವೇನು ಮಂತ್ರವಾದಿಗಳೇ?

ಎಂಟನೆಯ ಗೇಟಿನ ಕೆಳಗೆ ಅಮೃತಮ್ಮನ ಮೆಣಸಿನಕಾಯಿ ಹೊಲ. ಗಿಡ ಹೂ ಬಿಟ್ಟ ಹೊತ್ತಿಗೆ ಆಕೆ ಬಂದು ಕಂಪ್ಯೂಟರ್ ನೋಡಿಕೊಳ್ಳುವ ಪರಮಣ್ಣನ ಮುಂದೆ ನಿಂತಳು.

“ಹೂವೆಲ್ಲ ಉದುರಾಕತ್ತಾವ್ರಿ. ಈ ವಾರ ನೀರು ಬರಲಿಲ್ಲಂದ್ರ ವರ್ಷದ ಬೆಳಿ ಹೋತು.”

“ನಿಮ್ಮ ಹೊಲ ಪರದ್ಯಾಗ ಹಿಡಿಯವಲ್ದು ನೋಡವ್ವ.”

“ಆ ನಕ್ಷಿ ಒಂಚೂರು ಮ್ಯಾಲ ಸರಸ್ರೆಪಾ.”

ಪರಮಣ್ಣನ ಕೈ ಮೌಸಿನ ತನಕ ಹೋಗಿ ತಿರುಗಿ ಬಂತು. ಗೋಡೆಯ ಮೇಲೆ ಸುತ್ತೋಲೆಯಿತ್ತು: “ನಕ್ಷೆಯನ್ನು ಸರಿಸುವುದು ಸರ್ಕಾರಿ ಕಾಲುವೆಯನ್ನು ಸ್ಥಳಾಂತರಿಸಿದಂತೆ. ಮೇಲಧಿಕಾರಿಗಳ ಪೂರ್ವಾನುಮತಿ ಕಡ್ಡಾಯ.”

ಅಮೃತಮ್ಮ ಅಲ್ಲೇ ಕುಕ್ಕರಿಸಿ ಅತ್ತಳು. ನಮ್ಮ ಸಾಹೇಬರದು ಹೆಂಗರುಳು. ಅವರ ಕಣ್ಣಲ್ಲೂ ನೀರು ಬಂತು. ಅಂದೇ ದೊಡ್ಡ ಪರದೆಗೆ ಅಪ್ಪಣೆ ಕೊಟ್ಟರು. ಮರುದಿನವೇ ಯಾದಗಿರಿಯಿಂದ ಬಾಗಿಲಗಲದ ಪರದೆ ಬಂದಿಳಿಯಿತು. ಕುಂಕುಮ ಹಚ್ಚಿ, ಕಾಯಿ ಒಡೆದು ಚಾಲೂ ಮಾಡಿದೆವು. ನೀಲಿ ಗೆರೆ ಎಂಟನೆಯ ಗೇಟನ್ನೂ ದಾಟಿ ಅಮೃತಮ್ಮನ ಹೊಲ ಮುಟ್ಟಿತು. ನಿಜ ಹೇಳುತ್ತೇನೆ, ನನ್ನ ಎದೆ ತುಂಬಿ ಬಂತು.

ಪರಮಣ್ಣ ಗೇಟಿನ ಕೀಲಿಕೈ ಹುಡುಕತೊಡಗಿದ. ಸಾಹೇಬರು ತಡೆದರು.

“ನೀರು ಮುಟ್ಟ್ಯಾದಲ್ಲೋ, ಮತ್ಯಾಕ ಗೇಟು ತೆಗಿತಿ? ಹೆಚ್ಚಾದ್ರ ಬೇರು ಕೊಳಿತಾವ.”

ವಾರ ಕಳೆದ ಮೇಲೆ, ನೀರು ನೋಡಿ ಹೋಗಲೆಂದು ಅಮೃತಮ್ಮನನ್ನು ಕರೆಸಿದೆವು. ಸೆರಗಿನಲ್ಲಿ ಒಣಗಿದ ಹೂ ಕಟ್ಟಿಕೊಂಡು ಬಂದಳು. ಪರದೆಯನ್ನು ಬಹಳ ಹೊತ್ತು ನೋಡಿದಳು.

“ನೀರು ಚಂದ ಬಂದಾದ್ರಿ. ಇದಕ್ಕಿಂತ ದೊಡ್ಡದು ತಂದ್ರ ಕಾಯಿನೂ ಬಿಡ್ತಾವೇನ್ರಿ?”

ಸಾಹೇಬರಿಗೆ ಈ ಮಾತು ಹಿಡಿಸಿತು. ಪ್ರಸ್ತಾವನೆ ಹೋಗಿದೆ.

ಅಲ್ಲಿಯವರೆಗೆ ಕಾಲುವೆಯ ಕೊನೆಯ ಊರುಗಳವರು ತಮ್ಮ ಪಾಳಿಯ ದಿನ ಬುತ್ತಿ ಕಟ್ಟಿಕೊಂಡು ಬಂದು, ಸಾಲಾಗಿ ಕೂತು ತಮ್ಮ ನೀರು ನೋಡಿಕೊಂಡು ಹೋಗುತ್ತಾರೆ. ಯಾರದೂ ತಕರಾರಿಲ್ಲ. ಕೆಸರುಗಾಲಲ್ಲಿ ಒಳಗೆ ಬರಬಾರದೆಂದು ಬಾಗಿಲಿಗೆ ಫಲಕ ಹಾಕಿದ್ದೇವೆ. ಇದುವರೆಗೆ ಒಬ್ಬರೂ ಉಲ್ಲಂಘಿಸಿಲ್ಲ.