ತಮಟೆಗೆ ಓಡದ ಹುಡುಗಿ

ನಾನು ಒಳ್ಳೇದು ಹೇಳೋಕೆ ಹೋದಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ಎಂಬತ್ತರ ದಶಕದ ಮೊದಲಲ್ಲಿ ಕಡೂರಿನಲ್ಲಿ ಟೀಚರ್ ಆಗಿದ್ದೆ. ಕಿವಿ ಕೇಳದ, ಕಣ್ಣು ಕಾಣದ ಮಕ್ಕಳೂ ಊರ ಶಾಲೆಗೇ ಬರಬಹುದು, ಕಲಿಸಲು ನಾವಿದ್ದೇವೆ ಅಂತ ಹಳ್ಳಿಗಳಿಗೆ ತಿಳಿಸೋದು ನನ್ನ ಪಾಲಿಗೆ ಬಂದ ಕೆಲಸ. ಈಗ ಮನೆಯಲ್ಲಿ ಸುಮ್ಮನೆ ಕೂತಾಗ ಆ ಬಸ್ಸು, ಆ ಧೂಳು, ತಿಂದ ಬೈಗುಳ ಸಮೇತ ಎಲ್ಲವೂ ಮತ್ತೆ ಬೇಕು ಅನ್ನಿಸುತ್ತದೆ.

ತಮಟೆ

ಚೌಳಹಿರಿಯೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಮಟೆ ಹೊಡೆಸಿ ಸಾರಿಸಿದೆ. ಎರಡು ಪೆಟ್ಟು ಬಿತ್ತೋ ಇಲ್ಲವೋ, ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ಎಮ್ಮೆಗಳು ಹೊಲದ ಕಡೆ, ತಾಮ್ರದ ಹಂಡೆಗಳು ಬಣವೆಯೊಳಗೆ! ಆ ಊರಲ್ಲಿ ತಮಟೆ ಬಂತೆಂದರೆ ಕಂದಾಯದ ಬಾಕಿಗೆ ಜಪ್ತಿ ಬಂತು ಅಂತಲೇ ಅರ್ಥವಂತೆ. ನನಗೇನು ಗೊತ್ತು?

ಬೀದಿಯಲ್ಲಿ ಉಳಿದವಳು ಒಬ್ಬಳೇ ಪುಟ್ಟ ಹುಡುಗಿ. ತಮಟೆಯ ಚರ್ಮಕ್ಕೆ ಅಂಗೈ ಒತ್ತಿ, ಅದು ನಡುಗಿದ ಹಾಗೆಲ್ಲ ನಗುತ್ತಿದ್ದಳು.

ತಮಟೆಯವನು ಅಂದ: "ನೀವ್ ಹುಡುಕ್ತಿರೋ ಮಗು ಇದೇ ಕಣಮ್ಮ. ಓಡ್ಹೋದೋರಿಗೆಲ್ಲ ಕಿವಿ ಚೆನ್ನಾಗೈತೆ."

ಅವಳ ತಾಯಿ ಹಂಡೆ ಎಳೆದುಕೊಂಡು ಬಂದು ನನ್ನನ್ನು ಚೆನ್ನಾಗಿ ಬೈದಳು. "ಸ್ಕೂಲಿಗೆ ಕಳ್ಸಿ ನಗೆಪಾಟ್ಲಾಗ್ಲಾ? ನಾ ಕಳ್ಸಾಕಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಅಲ್ಲಿಗೆ ಬಂದ್ರೆ ನನ್ನ ಅವ್ವ ಅಂತ ಕರೀತಾಳಾ, ಟೀಚರಮ್ಮ? ಒಂದ್ಸಲ ಕರುದ್ರೂ ಸಾಕಿತ್ತು."

ಗೊತ್ತಿಲ್ಲ ಅಂದೆ. ಅವಳು ಹಂಡೆ ಎತ್ತಿಕೊಂಡು ಒಳಗೆ ಹೋದಳು.

ಮೈಕು

ತಮಟೆಯ ಸಹವಾಸವೇ ಬೇಡ ಅಂತ ಅಜ್ಜಂಪುರದ ಸಂತೆಗೆ ಮೈಕಿನ ವ್ಯಾನು ತಂದೆ. ಸಿಕ್ಕಿದ್ದು ಟೂರಿಂಗ್ ಟಾಕೀಸಿನ ವ್ಯಾನು. ಜನ ಮುತ್ತಿಕೊಂಡರು! ಹಿಗ್ಗಿನಿಂದ ಎಲ್ಲ ವಿವರಿಸಿ, "ಏನಾದ್ರೂ ಕೇಳೋದಿದ್ಯಾ?" ಅಂದೆ.

"ಫೈಟಿಂಗು ಎಷ್ಟವೆ ಮೇಡಂ?" ಅಂದ ಒಬ್ಬ.

"ಥೂ ನಿನ್ನ! ಸಿನಿಮಾ ಅಲ್ಲ ಕಣೋ, ನನ್ ಮಗಳ ಇಸ್ಯ!" ಗುಂಪಿನಿಂದ ನುಗ್ಗಿ ಬಂದವಳು ಅದೇ ತಾಯಿ. ಮೈಕೇ ಇಲ್ಲದೆ ಇಡೀ ಸಂತೆಗೆ ಕೇಳುವ ಹಾಗೆ ಎಲ್ಲವನ್ನೂ ಹೇಳಿ ಮುಗಿಸಿ ನನ್ನ ಕಡೆ ತಿರುಗಿದಳು. "ಇಷ್ಟ್ ಜನದ್ ಮುಂದೆ ಬಾಯ್ ಬಿಟ್ಟಾಯ್ತು. ಇನ್ನ ಕಳುಸ್ದೇ ಇದ್ರೆ ಮುಖಕ್ಕೆ ಉಗೀತಾರೆ."

ಎಮ್ಮೆ

ಹುಡುಗಿ ನಮ್ಮ ತುಟಿ ನೋಡಿ, ಕೈ ನೋಡಿ ಅಕ್ಷರ ಕಲಿತಳು. ಮಾತು ಮಾತ್ರ ಬರಲಿಲ್ಲ. ತಾಯಿಗೆ ಮುಖ ತೋರಿಸಲು ನನಗೆ ಸಂಕಟ.

ಒಂದು ದಿನ ಆ ತಾಯಿಯೇ ಬಂದು ನನ್ನನ್ನು ಮನೆಗೆ ಎಳೆದುಕೊಂಡು ಹೋದಳು. "ಇದೇನಾ ನೀವ್ ಕಲ್ಸಿದ್ದು? ನೋಡಿ!" ಬಾಗಿಲು, ಒರಳುಕಲ್ಲು, ಎಲ್ಲ ಕಡೆ ಸೀಮೆಸುಣ್ಣದಲ್ಲಿ ಬರೆದ ಎರಡಕ್ಷರ. ಕೊಟ್ಟಿಗೆಯಲ್ಲಿ ಎಮ್ಮೆಯ ಕರೀ ಬೆನ್ನಿನ ಮೇಲೂ ದಪ್ಪಗೆ ಅವೇ ಎರಡಕ್ಷರ. "ಅದೇನ್ ಗೀಚವ್ಳೆ, ಓದಿ."

"ಅವ್ವ ಅಂತ ಕಣಮ್ಮ. ನಿನ್ನನ್ನೇ ಕರೀತಿದ್ದಾಳೆ."

ಅವಳು ಸೆರಗು ಬಾಯಿಗೊತ್ತಿಕೊಂಡು ನಿಂತುಬಿಟ್ಟಳು. ಅಷ್ಟರಲ್ಲಿ ಗಂಡ ಬಿಂದಿಗೆ ನೀರು, ತೆಂಗಿನನಾರು ಹಿಡಿದು ಎಮ್ಮೆ ಮೈ ತೊಳೆಯಲು ಬಂದ. ಇವಳು ಅಡ್ಡ ನಿಂತಳು.

"ಮುಟ್ಟಿದ್ರೆ ನೋಡು! ಎಮ್ಮೆ ಗಲೀಜಾಗೇ ಇರ್ಲಿ. ನನ್ ಮಗಳು ಕರೀತಾವ್ಳೆ."