ಮಾಸ್ತರರ ವಿಮಾನಕ್ಕೆ ಜಾಕ್ ಹಚ್ಚಿದ್ದು

ಗಾಲಿ ಬಿಚ್ಚುವವನ ಬಾಳಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ನಾನು ಎಷ್ಟು ಗಂಭೀರವಾಗಿ ಕೆಲಸಕ್ಕೆ ಇಳಿಯುತ್ತೇನೋ, ಸುತ್ತಲಿನವರು ಅಷ್ಟೇ ಗಂಭೀರವಾಗಿ ಏನಾದರೊಂದು ಮಾಡಿ ಇಡುತ್ತಾರೆ.

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ನನ್ನದು ಲಾರಿ ಗಾಲಿ ರಿಪೇರಿಯ ಅಂಗಡಿ. ಜಾಕಿನ ವಿಷಯದಲ್ಲಿ ನಾನು ಹಲ್ಲು ಬಿಡುವ ಮನುಷ್ಯನಲ್ಲ. ಒಮ್ಮೆ ಜಾಕ್ ಜಾರಿ ನನ್ನ ತಮ್ಮನ ಬಲಗೈಯ ಎರಡು ಬೆರಳು ಹೋದವು. ಈಗ ಅವನು ಭಾಲ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಅವನು ಸಕ್ಕರೆ ಪೊಟ್ಟಣಕ್ಕೆ ದಾರ ಸುತ್ತುವುದನ್ನು ನೋಡಿದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಅಂದಿನಿಂದ, ಎತ್ತಿದ ಗಾಡಿಯ ಕೆಳಗೆ ಮರದ ದಿಮ್ಮಿ ಇಡದೆ ಯಾರನ್ನೂ ಕೈ ಹಾಕಲು ಬಿಟ್ಟವನಲ್ಲ. ಹೊತ್ತಾಯಿತೆಂದು ಗಿರಾಕಿಗಳು ಬೈದಿದ್ದಾರೆ, ಬೈಯಲಿ.

೧. ಹತ್ತು ಟನ್ನಿನ ಜಾಕ್

ಒಂದು ದಿನ ಭಾತಂಬ್ರಾದಿಂದ ಫೋನ್ ಬಂತು. ಭಾಲ್ಕಿಯ ಮಿಶನ್ ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು.

"ಗಾಲಿ ಜಾಮ್ ಆಗ್ಯಾದರಿ. ಬರ್ತೀರೇನು?"

"ಯಾವ ಗಾಡಿರಿ?"

"ಸಣ್ಣದು. ನಾನೇ ಮಾಡಿದ್ದು."

ಟ್ರ್ಯಾಕ್ಟರಿನ ಟ್ರೈಲರ್ ಇರಬೇಕು ಅಂದುಕೊಂಡೆ. ಗಂಜಿನಲ್ಲಿ ಚೀಲ ಹೊರುವ ಹಮಾಲಿ ಗೆಳೆಯನ ಹೆಗಲ ಮೇಲೆ ಹತ್ತು ಟನ್ನಿನ ಜಾಕ್ ಏರಿಸಿಕೊಂಡು ಹೋದೆ. ಹೊಲದ ಪಕ್ಕದ ತಗಡಿನ ಶೆಡ್ಡಿನ ಬಾಗಿಲು ಸರಿಸಿದರೆ ಒಳಗೆ ವಿಮಾನ. ಬಿಳಿ ಬಣ್ಣ, ಇಬ್ಬರು ಕೂರುವ ಜಾಗ, ಹೊಟ್ಟೆಯ ಕೆಳಗೆ ಎರಡು ಗಾಲಿ, ಮೂಗಿನ ಕೆಳಗೆ ಒಂದು. ಪುಸ್ತಕ ನೋಡಿ, ನಕ್ಷೆ ತರಿಸಿ, ಹನ್ನೊಂದು ವರ್ಷ ಕೂತು ತಮ್ಮ ಕೈಯಾರೆ ಮಾಡಿದ್ದಾರೆ.

"ಬರೋ ಸೋಮವಾರ ವಿಮಾನ ಇಲಾಖೆ ಅಧಿಕಾರಿ ನೋಡಲಿಕ್ಕೆ ಬರ್ತಾರ," ಎಂದರು ಮಾಸ್ತರರು. "ಗಾಲಿ ಸರಿ ಇದ್ದರ ಓಡಸ್ಲಿಕ್ಕೆ ಪರವಾನಗಿ. ಇಲ್ಲಂದರ ಮೊದಲಿನಿಂದ ಅರ್ಜಿ. ನನಗೀಗ ಅರವತ್ತೊಂಬತ್ತು. ಮತ್ತ ಮೊದಲಿನಿಂದ ಶುರು ಮಾಡೋದು ನನ್ನ ಕೈಲೆ ಆಗೂದಿಲ್ರಿ."

ಆ ಮಾತು ಕೇಳಿ ನನಗೆ ಕೆಡುಕೆನಿಸಿತು. ಕೆಲಸ ಮಾಡಿಯೇ ಕೊಡಬೇಕು ಎಂದು ಅಲ್ಲೇ ಮನಸ್ಸು ಗಟ್ಟಿ ಮಾಡಿದೆ. ಹಮಾಲಿ ಜಾಕನ್ನು ದೊಪ್ಪೆಂದು ನೆಲಕ್ಕಿಳಿಸಿದ. ಮಾಸ್ತರರು ಜಾಕನ್ನು ನೋಡಿದರು, ವಿಮಾನವನ್ನು ನೋಡಿದರು. ನಾನು ರೆಕ್ಕೆಯ ಹೊಟ್ಟೆಗೆ ಬೆರಳಿನಿಂದ ಬಡಿದೆ. ಒಳಗೆ ಟೊಳ್ಳು, ಮೇಲೆ ಬಿಗಿದ ಬಟ್ಟೆ.

"ಜಾಕ್ ಇಲ್ಲಿ ಹಚ್ಚಲೇನ್ರಿ?"

"ಹಚ್ಚರಿ," ಎಂದರು ಮಾಸ್ತರರು, ತರಗತಿಯಲ್ಲಿ ದಡ್ಡನಿಗೆ ಉತ್ತರ ಹೇಳುವಷ್ಟು ತಾಳ್ಮೆಯಿಂದ. "ಜಾಕ್ ಮ್ಯಾಲ ಹೋಗ್ತದ. ವಿಮಾನ ಇಲ್ಲೇ ಇರ್ತದ."

೨. ಔರಾದ ಬಸ್ಸಿನಲ್ಲಿ

ಮರುದಿನ ಕಾರಿನ ಸಣ್ಣ ಜಾಕ್ ಒಯ್ದೆ. ಗಾಲಿ ಸಿಕ್ಕಿಸಿದ ಉಕ್ಕಿನ ಕಾಲಿನ ಬುಡದಲ್ಲಿ ಮಾತ್ರ ವಿಮಾನದ ಭಾರ ತಡೆಯುವ ಜಾಗವಿತ್ತು. ಜಾಕಿನ ತಲೆ ಅಲ್ಲಿಂದ ಜಾರದಂತೆ ಮರದ ತುಂಡಿಗೆ ಗುಳಿ ತೋಡಿ ನಡುವೆ ಕೂರಿಸಿದೆ. ಉಳಿದೆರಡು ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆ. ನಾಲ್ಕು ಬೆರಳಷ್ಟೇ ಎತ್ತಿ, ಕೆಳಗೆ ದಿಮ್ಮಿ ಸರಿಸಿ, ಗಾಲಿ ಬಿಚ್ಚಿದೆವು. ಅಚ್ಚು ಕೂರುವ ಒಳಗಿನ ಲೋಹದ ಬಳೆ, ಬುಶ್, ಸವೆದು ಓರೆಯಾಗಿತ್ತು. ಅಂಥ ಸಣ್ಣ ಬುಶ್ ಕಡೆದು ಕೊಡುವ ಹಳೆಯ ಲೇಥ್ ಮಿಸ್ತ್ರಿ ಇರುವುದು ಔರಾದದಲ್ಲಿ. ನನ್ನ ಟೆಂಪೋ ಗ್ಯಾರೇಜಿನಲ್ಲಿತ್ತು, ಔರಾದಕ್ಕೆ ರೈಲಿಲ್ಲ. ಬಸ್ ಹತ್ತಿದೆವು.

ಮಾಸ್ತರರು ಗಾಲಿಯನ್ನು ಬಿಳಿ ಚಾದರಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕೂತರು. ಪಕ್ಕದ ಹೆಣ್ಣುಮಗಳು ಕೂಸೆಂದೇ ತಿಳಿದು ಕಿಟಕಿಯ ಗಾಳಿ ತಾಗದಂತೆ ಗಾಜು ಮುಚ್ಚಿದಳು. ಕಂಡಕ್ಟರ್ ಬಂದ.

"ಏನ್ರಿ ಅದು?"

"ಗಾಲಿ."

"ಯಾವುದರದ್ದು?"

ಸ್ಕೂಟರಿನದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಾಸ್ತರರು ಸುಳ್ಳು ಹೇಳುವುದಿಲ್ಲ. ಅವರು ಇನ್ನೂ ಪ್ರತಿ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ.

"ವಿಮಾನದ್ದು."

ಬಸ್ಸಿನವರೆಲ್ಲ ಇತ್ತ ತಿರುಗಿದರು. ಕಂಡಕ್ಟರ್ ಚಾದರಿನ ಅಂಚು ಎತ್ತಿ ಇಣುಕಿದ.

"ವಿಮಾನ ಯಾರದರಿ?"

"ನಂದೇ."

"ಸ್ವಂತ ವಿಮಾನ ಇಟ್ಟವರು ನಮ್ಮ ಬಸ್ಸಿನ್ಯಾಗ ಯಾಕ ಬಂದೀರಿ?"

"ಅದರ ಗಾಲಿ ನನ್ನ ತೊಡಿ ಮ್ಯಾಲ ಅದಲ್ರಿ," ಎಂದರು ಮಾಸ್ತರರು.

೩. ನೇತಾಡುವ ಚೀಲ

ಬುಶ್ ಸರಿಯಾಗಿ ಕೂತಿತು. ಗಾಲಿ ಬೆಣ್ಣೆಯ ಹಾಗೆ ತಿರುಗಿತು. ಉಳಿದದ್ದು ಮೂಗಿನ ಕೆಳಗಿನ ಗಾಲಿ. ಅದಕ್ಕೆ ಜಾಕ್ ಬೇಡ ಎಂದರು ಮಾಸ್ತರರು. ಬಾಲದ ಕೆಳಗಿನ ಕೊಂಡಿಗೆ ತೂಕ ಕಟ್ಟಿದರೆ ಬಾಲ ತಗ್ಗಿ, ಮೂಗು ತಾನೇ ಮೇಲೇಳುತ್ತದಂತೆ. ಹಮಾಲಿ ಗಂಜಿನಿಂದ ಅರ್ಧ ಚೀಲ ತೊಗರಿ ತಂದ. ಕಟ್ಟಿದೆವು. ಮೂಗು ನಿಧಾನವಾಗಿ ಎದ್ದಿತು. ನಾನು ಕೆಳಗೆ ದಿಮ್ಮಿ ಇಟ್ಟೆ.

"ಚೀಲ ನೆಲಕ್ಕ ತಾಗಬಾರದು, ನೋಡ್ಕೊಂಡಿರು," ಎಂದು ಹಮಾಲಿಗೆ ಹೇಳಿ, ಗ್ರೀಸ್ ಡಬ್ಬಿ ತೆರೆಯಲು ಆ ಕಡೆ ತಿರುಗಿದೆ. ಮಾಸ್ತರರು ಗಾಲಿಯ ಕೆಳಗೆ ಕೈ ಹಾಕಿ ಕೊಳೆ ಒರೆಸುತ್ತಿದ್ದರು. ನಿವೃತ್ತ ನರ್ಸ್ ಆದ ಅವರ ಹೆಂಡತಿ, ಜಾಕಿನ ಕೆಲಸವಿದ್ದಾಗಲೆಲ್ಲ ಮಾಡುವಂತೆ, ಟಿಂಚರ್ ಬಾಟಲಿ ಮತ್ತು ಹತ್ತಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು.

ಇದ್ದಕ್ಕಿದ್ದಂತೆ ಮೂಗು ಕೆಳಗಿಳಿಯಿತು. ಟಕ್ ಎಂದು ದಿಮ್ಮಿಯ ಮೇಲೆ ಕೂತಿತು. ಮಾಸ್ತರರ ಮಣಿಕಟ್ಟಿಗೂ ಗಾಲಿಗೂ ಎರಡು ಬೆರಳಿನ ಸಂದು ಉಳಿದಿತ್ತು. ನರ್ಸಮ್ಮ ಬಾಟಲಿಯ ಮುಚ್ಚಳ ತೆರೆದು ಓಡಿ ಬಂದರು, ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಗೀರು ಕೂಡ ಇಲ್ಲದ್ದಕ್ಕೆ ಮತ್ತೆ ಮುಚ್ಚಿದರು.

ಹಿಂದೆ ಹೋಗಿ ನೋಡಿದರೆ ಹಮಾಲಿ ಬಾಲದ ಕೆಳಗೆ ಬಗ್ಗಿ ನಿಂತಿದ್ದಾನೆ. ಚೀಲದ ಭಾರವೆಲ್ಲ ಅವನ ಬೆನ್ನಿನ ಮೇಲಿದೆ. ಇಪ್ಪತ್ತೈದು ವರ್ಷ ಚೀಲ ಹೊತ್ತ ಬೆನ್ನು, ಎದುರಿಗೆ ಚೀಲ ನೇತಾಡುವುದನ್ನು ಎಷ್ಟು ಹೊತ್ತು ನೋಡೀತು?

"ಏನು ಮಾಡಿದಿಯೋ?" ಎಂದೆ.

"ಭಾರ ನಾನು ಹೊತ್ತೀನಲ್ರಿ ಮಿಸ್ತ್ರಿ," ಎಂದ ಅವನು, ಬಗ್ಗಿದಲ್ಲಿಂದಲೇ. "ಪಾಪ, ವಿಮಾನಕ್ಕ ಯಾಕ ತ್ರಾಸ?"

೪. ಅಧಿಕಾರಿ ಬಂದ ಸೋಮವಾರ

ಅಧಿಕಾರಿ ಕಲಬುರಗಿ ಕಡೆಯವರು, ಕೆಲಸ ಹೈದರಾಬಾದಿನಲ್ಲಿ. ನಗಲಿಲ್ಲ, ಚಹಾ ಕುಡಿಯಲಿಲ್ಲ. ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿ ಕಾಗದದ ಮೇಲೆ ಗುರುತು ಹಾಕುತ್ತ ಹೋದರು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಪರೀಕ್ಷೆಗೆ ಕೂತ ಹುಡುಗನಂತೆ ಹಿಂದೆ ಹಿಂದೆ ನಡೆದರು.

"ಬಲಗಾಲಿ ಎತ್ತರಿ," ಎಂದರು ಅಧಿಕಾರಿ. "ನಾನೇ ತಿರುಗಿಸಿ ನೋಡ್ತೇನಿ."

ಜಾಕ್ ಹಚ್ಚಿದೆ. ದಿಮ್ಮಿ ಇಟ್ಟೆ. ಬೆಳಕಿಗೆಂದು ಬಾಗಿಲು ತೆರೆದಿಟ್ಟದ್ದರಿಂದ ಹೊಲದ ಗಾಳಿ ಒಳಗೆ ನುಗ್ಗುತ್ತಿತ್ತು. ಹಗುರಾದ ವಿಮಾನ, ಗಾಳಿಗೆ ರೆಕ್ಕೆ ಏಳುತ್ತದೆ. ಎಡ ರೆಕ್ಕೆಯ ತುದಿಯನ್ನು ನಾನು ಹಿಡಿದೆ, ಬಲದ್ದನ್ನು ಹಮಾಲಿ, ಬಾಲವನ್ನು ಮಾಸ್ತರರು. ಅಧಿಕಾರಿ ಗೋಣಿತಟ್ಟು ಹಾಸಿ, ಟಾರ್ಚ್ ಹಲ್ಲಿನಲ್ಲಿ ಕಚ್ಚಿ, ಅಂಗಾತ ಮಲಗಿ ಒಳಗೆ ಸರಿದು ಗಾಲಿ ತಿರುಗಿಸತೊಡಗಿದರು. ಅವರ ಎದೆಯ ಮೇಲೆಯೇ ವಿಮಾನ.

ಆಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಊರಿನ ಮಠದ ಅಜ್ಜಾವರು. ತೊಂಬತ್ತು ದಾಟಿದವರು, ವಿಮಾನ ನೋಡಬೇಕೆಂದು ನಡೆದು ಬಂದಿದ್ದರು.

"ಶರಣು ಶರಣಾರ್ಥಿ," ಎಂದರು.

ನಮ್ಮ ಕಡೆ ಹಿರಿಯರು ಶರಣು ಎಂದರೆ ಬರೀ ಬಾಯಿಂದ ಉತ್ತರ ಕೊಡುವುದಿಲ್ಲ. ಮಾತು ಬರುವ ಮೊದಲೇ ಅವ್ವ ಎರಡೂ ಕೈ ಹಿಡಿದು ಜೋಡಿಸಿ ಕಲಿಸಿರುತ್ತಾಳೆ.

"ಶರಣು ಶರಣಾರ್ಥಿರಿ ಅಜ್ಜಾರ," ಎಂದೆ. ಅಂದ ಮೇಲೆ ನೋಡಿಕೊಂಡರೆ ನನ್ನ ಎರಡೂ ಕೈ ಎದೆಯ ಮೇಲೆ. ಆಚೆ ನೋಡಿದರೆ ಹಮಾಲಿಯ ಕೈಗಳೂ ಎದೆಯ ಮೇಲೆ. ಮಾಸ್ತರರು ಚರ್ಚಿನ ಮನೆತನದವರು. ಆದರೆ ನಲವತ್ತು ವರ್ಷ ಭಾಲ್ಕಿಯಲ್ಲಿ ಬಾಳಿದವರು, ಅವರೂ ಕೈ ಮುಗಿದು ತಲೆ ಬಾಗಿಸಿದ್ದರು. ವಿಮಾನದ ಮೇಲೆ ಒಂದು ಕೈಯೂ ಇಲ್ಲ.

ಗಾಳಿ ಬೀಸಿತು. ಬಲ ರೆಕ್ಕೆ ಒಂದು ಗೇಣು ಎದ್ದು ಕೆಳಗೆ ಬಾಗಿತು. ದಡ್ ಎಂದು ಸದ್ದಾಯಿತು. ನನಗೆ ತಮ್ಮನ ಕೈ ಕಣ್ಣ ಮುಂದೆ ಬಂತು. ಬಗ್ಗಿ ನೋಡಿದೆ. ಜಾಕ್ ಓರೆಯಾಗಿತ್ತು, ವಿಮಾನ ದಿಮ್ಮಿಯ ಮೇಲೆ ಗಟ್ಟಿಯಾಗಿ ಕೂತಿತ್ತು. ಅದರ ಕೆಳಗೆ ಅಧಿಕಾರಿ ಅಲುಗಾಡದೆ ಮಲಗಿದ್ದರು. ಎದೆಯ ಮೇಲೆ ಎರಡೂ ಕೈ ಜೋಡಿಸಿದ್ದರು. ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಟಾರ್ಚ್ ಕಚ್ಚಿದ ಬಾಯಿಯಿಂದ ದನಿ ಹೊರಬಿತ್ತು: "ಶರಣಾರ್ಥಿರಿ."

ಅವರು ಹೊರಗೆ ಬಂದು ಬೆನ್ನು ಜಾಡಿಸಿಕೊಂಡರು. ಜಾಕ್ ನೋಡಿದರು, ದಿಮ್ಮಿ ನೋಡಿದರು, ಸುತ್ತ ನಿಂತ ನಮ್ಮನ್ನು ನೋಡಿದರು. ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಒಬ್ಬರೂ ಹಿಡಿದಿದ್ದಿಲ್ಲ. ಆದರೂ ನಿಂತದ," ಎಂದು ಕಾಗದಕ್ಕೆ ಸಹಿ ಹಾಕಿದರು.

ಮಾಸ್ತರರು ಅಲ್ಲೇ ನೆಲಕ್ಕೆ ಕೂತು ಅತ್ತರು. ನನಗೂ ಕಣ್ಣು ತುಂಬಿ ಬಂತು, ಸಂತೋಷಕ್ಕೋ ಹೆದರಿಕೆಗೋ ಹೇಳಲಾರೆ. ಏನಾಯಿತೆಂದು ತಿಳಿಯದವರು ಅಜ್ಜಾವರೊಬ್ಬರೇ. ಅವರು ಕೋಲೂರುತ್ತ ವಿಮಾನವನ್ನು ಒಂದು ಸುತ್ತು ಹಾಕಿ, ಮಾಸ್ತರರ ತಲೆಯ ಮೇಲೆ ಕೈ ಇಟ್ಟರು.

"ನಾನು ಶರಣು ಅಂದಾಗ ನೀವೆಲ್ಲ ಕೈ ಮುಗಿದ್ರಿ, ಅದೇನು ದೊಡ್ಡದಲ್ಲ," ಎಂದರು. "ಈ ವಿಮಾನನೂ ರೆಕ್ಕಿ ಬಾಗಿಸ್ತು ನೋಡ್ರಿ. ಭಾಳ ಚಲೋ ಕಲಿಸೀರಿ, ಮಾಸ್ತರ."