ನನ್ನ ಬ್ಯಾಕಪ್ ಪ್ರತಾಪ

“ಗಾಬರಿ ಆಗ್ಬೇಡ ಶೈಲಾ. ಬ್ಯಾಕಪ್ ಇದೆ!”

ಶನಿವಾರ ಬೆಳಗ್ಗೆ ನಾನು ಈ ಘೋಷಣೆ ಹೊರಡಿಸಿದಾಗ ನನ್ನ ಎರಡೂ ಕೈ ಸೊಂಟದ ಮೇಲಿದ್ದವು. ಜೋಗುಪಾಳ್ಯದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೆಂಡತಿ ಶೈಲಾಳ ರವಿಕೆ ಕಸೂತಿಯ ಅಂಗಡಿ. ಅವಳು ಕಂಪ್ಯೂಟರಿನಲ್ಲಿ ಹೂವು, ಬಳ್ಳಿ, ಹಕ್ಕಿ ಬಿಡಿಸುತ್ತಾಳೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಕಸೂತಿ ಮೆಷೀನಿಗೆ ಚುಚ್ಚಿದರೆ ಮೆಷೀನು ಹೊಲಿದು ಕೊಡುತ್ತದೆ. ಆ ಕಂಪ್ಯೂಟರು ಅವತ್ತು ಹಲ್ಲಿಯ ಹಾಗೆ ಲೊಚಗುಟ್ಟಿ, ಪರದೆ ಕಪ್ಪಾಗಿಸಿಕೊಂಡು ಮೌನವ್ರತ ಹಿಡಿದಿತ್ತು.

ಅದೇ ಹೊತ್ತಿಗೆ ಗರುಡಾಚಾರ್‌ಪಾಳ್ಯದ ಮುನಿರತ್ನಮ್ಮ ಬಂದರು. ಮುಂದಿನ ವಾರ ಅವರ ಮಗಳ ಮದುವೆ. ಧಾರೆಯ ರವಿಕೆಗೆ ಬೆನ್ನ ತುಂಬ ನವಿಲು ಬೇಕೆಂದು, ಮೂರು ಸಲ ಬಂದು ಶೈಲಾಳ ಪಕ್ಕ ಕೂತು ಒಂದೊಂದು ಗರಿಯನ್ನೂ ತಿದ್ದಿಸಿದ್ದರು.

“ಏನ್ ಮೇಷ್ಟ್ರೇ, ನಮ್ ನವಿಲು ಸತ್ತೋಯ್ತಾ?”

“ಛೆ ಛೆ! ಪ್ರತಿ ಭಾನುವಾರ ಇಡೀ ಕಂಪ್ಯೂಟರಿನ ನಕಲು ತಾನಾಗೇ ಇನ್ನೊಂದು ಡಿಸ್ಕಿಗೆ ಹೋಗೋ ಹಾಗೆ ವ್ಯವಸ್ಥೆ ಮಾಡಿದ್ದೀನಮ್ಮ. ಮಧ್ಯಾಹ್ನದೊಳಗೆ ಎಲ್ಲ ವಾಪಸ್!”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನ ಮಾತಿಗೆ ಒಂದು ತೂಕ ಇರುತ್ತದೆ. ಮುನಿರತ್ನಮ್ಮ ನಂಬಿ ಕುರ್ಚಿಯಲ್ಲಿ ಕೂತರು. ಪಾಪ!

ಮೊದಲು ಆ ಡಿಸ್ಕ್ ಸಿಗಬೇಕಿತ್ತು. ಅದು ಟ್ರೇಸಿಂಗ್ ಕಾಗದಗಳು ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ವಿರಾಜಮಾನವಾಗಿತ್ತು.

“ಇದಾ? ಭಾರವಾಗಿದೆ ಅಂತ ಇಟ್ಕೊಂಡಿದ್ದೆ,” ಎಂದಳು ಶೈಲಾ.

“ಇದರ ವೈರೆಲ್ಲಿ?”

“ವೈರು ಬೇರೆ ಇತ್ತಾ?”

ಈ ಮಾತಿಗೆ ನನಗೆ ಏನಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಂಪ್ಯೂಟರಿನ ಡಬ್ಬವನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿವಾಜಿನಗರದ ರಿಪೇರಿ ಅಂಗಡಿಗೆ ಹೊರಟೆ.

ಅಂಗಡಿಯ ಸಾದಿಕ್ ಭಾಯ್ ಡಬ್ಬ ಬಿಚ್ಚಿ, ಕಿವಿಗೊಟ್ಟು ಕೇಳಿ, ತೀರ್ಪು ಕೊಟ್ಟರು. “ಡ್ರೈವ್ ಖತಂ ಸಾರ್. ಹೊಸದು ಹಾಕ್ತೀನಿ. ಬ್ಯಾಕಪ್ ಇದ್ರೆ ಕೊಡಿ, ನಾನೇ ಎಲ್ಲ ವಾಪಸ್ ಹಾಕ್ಕೊಡ್ತೀನಿ.”

“ಬೇಡ ಭಾಯ್, ಅದನ್ನ ನಾನೇ ಮಾಡ್ತೀನಿ. ಒಂದು ವೈರು ಕೊಡಿ ಸಾಕು.”

“ಹಾಗಾದ್ರೆ ಕಂಪ್ಯೂಟರ್ ಸ್ಟಾರ್ಟ್ ಮಾಡೋಕೆ ಒಂದು ಪೆನ್‌ಡ್ರೈವ್ ರೆಡಿ ಮಾಡ್ಬೇಕು. ಇದ್ಯಾ?”

ಇತ್ತು! ಹೊರಡುವಾಗ ಕಸೂತಿ ಮೆಷೀನಿನ ಪಕ್ಕ ಬಿದ್ದಿದ್ದ ಒಂದನ್ನು ಮುಂದಾಲೋಚನೆಯಿಂದ ಜೇಬಿಗೆ ಇಳಿಸಿದ್ದೆ.

“ಇದ್ರಲ್ಲಿರೋದೆಲ್ಲ ಅಳಿಸಿಹೋಗ್ತದೆ ಸಾರ್. ಒಂದ್ಸಲ ನೋಡ್ಲಾ?”

“ಅದರಲ್ಲೇನಿರುತ್ತೆ! ಅಳಿಸಿ ಭಾಯ್.”

ಅಳಿಸಿದರು.

ಮನೆಗೆ ಬಂದು ಡಬ್ಬ ಇಳಿಸುತ್ತಿದ್ದಂತೆ ಶೈಲಾ ಕೈ ಚಾಚಿದಳು. “ಮೆಷೀನ್ ಪಕ್ಕದಿಂದ ಜೇಬಿಗೆ ಹಾಕ್ಕೊಂಡ್ರಲ್ಲ, ಆ ಪೆನ್‌ಡ್ರೈವ್ ಕೊಡ್ರೀ. ನವಿಲನ್ನ ನಿನ್ನೇನೇ ಅದಕ್ಕೆ ಹಾಕಿಟ್ಟಿದ್ದೆ, ನೀವು ಹೋದ್ಮೇಲೆ ನೆನಪಾಯ್ತು. ನೀವು ಕಂಪ್ಯೂಟರ್ ನೋಡ್ಕೊಳಿ, ನಾನು ಹೊಲಿಯೋಕೆ ಶುರು ಮಾಡ್ತೀನಿ.”

ನಾನು ಒಂದು ಲೋಟ ನೀರು ಕೇಳಿದೆ.

ವಿಷಯ ಹೊರಬಿದ್ದ ಮೇಲೆ ಶೈಲಾ ಕಸೂತಿ ಮೆಷೀನಿಗೆ ಮುಸುಕು ಹೊದಿಸಿದಳು. ಮುನಿರತ್ನಮ್ಮನೇ ಕೇಳಿದರು. “ಹೋಗ್ಲಿ ಬಿಡಿ, ಬ್ಯಾಕಪ್ಪಲ್ಲಿ ಐತೆ ಅಂದ್ರಲ್ಲ?”

“ಇದೆ, ಇದೆ!” ಎಂದೆ.

ಡಿಸ್ಕಿಗೆ ವೈರು ಚುಚ್ಚಿ, ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿದೆ. ಯಾವ ದಿನದ ಬ್ಯಾಕಪ್ ಬೇಕು ಎಂದು ಅದು ವಿನಯದಿಂದ ಕೇಳಿ ಪಟ್ಟಿ ತೋರಿಸಿತು. ಪಟ್ಟಿಯಲ್ಲಿ ಒಂದೇ ಒಂದು ಸಾಲಿತ್ತು. ಮೂರು ವರ್ಷದ ಹಿಂದಿನದು! ವ್ಯವಸ್ಥೆ ಮಾಡಿದ ಮೊದಲ ಭಾನುವಾರ ನಕಲು ಆಗಿತ್ತು. ಆಮೇಲಿನ ಭಾನುವಾರಗಳಲ್ಲೆಲ್ಲ ಡಿಸ್ಕು ವೈರಿನ ಹಂಗಿಲ್ಲದೆ ಕಾಗದ ಕಾಯುತ್ತಿತ್ತು.

ಬೇರೆ ದಾರಿಯಿರಲಿಲ್ಲ, ಅದನ್ನೇ ಒತ್ತಿದೆ. ಎರಡು ಗಂಟೆ ಹಿಡಿಯಿತು. ಶೈಲಾ ಮುನಿರತ್ನಮ್ಮನಿಗೆ ಚಿತ್ರಾನ್ನ ಬಡಿಸಿದಳು. ನನಗೂ ಬಡಿಸಿದಳು, ಆದರೆ ನನ್ನ ಪಾಲಿನ ಕಡಲೆಬೀಜ ಎಲ್ಲಿ ಹೋಯಿತೆಂದು ಕೇಳುವ ಧೈರ್ಯ ಬರಲಿಲ್ಲ.

ಕೊನೆಗೆ ಕಂಪ್ಯೂಟರು ಎದ್ದಿತು. ಎದ್ದು, ಪಾಸ್‌ವರ್ಡ್ ಕೇಳಿತು!

ಮೂರು ವರ್ಷದ ಹಿಂದೆ ದಿನಾ ಬೆಳಗ್ಗೆ ಕಂಪ್ಯೂಟರು ತೆರೆದುಕೊಡುವ ಹುದ್ದೆ ನನ್ನದಾಗಿತ್ತು. ಆಮೇಲೆ ಶೈಲಾ ಬೇಸತ್ತು ಪಾಸ್‌ವರ್ಡನ್ನೇ ತೆಗೆಸಿದ್ದಳು. ಈಗ ಅದು ನನಗೆ ನೆನಪಿಲ್ಲ. ಸ್ಕೂಟರಿನ ನಂಬರು ಹೊಡೆದೆ. ತಪ್ಪು. ಕೆಳಗೆ ನಾನೇ ಬರೆದಿಟ್ಟಿದ್ದ ಸುಳಿವು ಮೂಡಿತು: ‘ಇದನ್ನೂ ಮರೆಯುವುದುಂಟೇ?’

ಮುನಿರತ್ನಮ್ಮ ಅದನ್ನು ಗಟ್ಟಿಯಾಗಿ ಓದಿ ಸೆರಗು ಬಾಯಿಗೆ ಅಡ್ಡ ಹಿಡಿದರು.

ಶೈಲಾಳ ಮುಖ ಮಾತ್ರ ಅವತ್ತು ಮೊದಲ ಬಾರಿಗೆ ಅರಳಿತು. “ನಮ್ಮ ಮದುವೆ ದಿನ ಹಾಕಿರ್ತೀರ! ಮೇ ಇಪ್ಪತ್ತೇಳು. ವರ್ಷಾನೂ ಸೇರಿಸಿ ಹೊಡೀರಿ.”

ಹೊಡೆದೆ. ತಪ್ಪು ಎಂದಿತು. ಅವಳೇ ಪಕ್ಕ ನಿಂತು ಒಂದೊಂದು ಅಂಕಿಯಾಗಿ ಹೊಡೆಸಿದಳು. ಮತ್ತೆ ತಪ್ಪು. ಅವಳ ಮುಖ ಬಾಡಿತು. ನನಗೆ ಮಾತ್ರ ಒಂದು ಅನುಮಾನ ಬಂತು. ಮೇ ಇಪ್ಪತ್ತೇಳಾ? ಕಿಟಕಿಯ ಕಡೆ ನೋಡುತ್ತ, ಯಾರಿಗೂ ಕಾಣದ ಹಾಗೆ, ಇಪ್ಪತ್ತಾರು ಎಂದು ಹೊಡೆದೆ.

ತೆರೆಯಿತು! ಎಂಥ ಸಂಗೀತ ಹಾಡುತ್ತ ತೆರೆಯಿತು!

“ಏನ್ ಹೊಡೆದ್ರಿ?” ಎಂದಳು ಶೈಲಾ.

ಹೇಳಿದೆ.

ಅವಳು ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. “ಅಲ್ರೀ, ಪ್ರತಿ ವರ್ಷ ಒಂದು ದಿನ ಮುಂಚೇನೇ ಮಲ್ಲಿಗೆ ಹೂ ತರ್ತಿದ್ರಲ್ಲ, ನಾನು ಆತುರ, ಪ್ರೀತಿ ಜಾಸ್ತಿ ಅಂತ ತಿಳ್ಕೊಂಡಿದ್ದೆ!”

ಮುನಿರತ್ನಮ್ಮ ಕುರ್ಚಿ ಹಿಡಿದುಕೊಂಡು ನಕ್ಕರು. ಅವರ ನಗು ಶೈಲಾಳಿಗೂ ಹತ್ತಿತು. ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ಪರದೆಯ ಮುಂದೆ ಕೂತರು. ನವಿಲೇನೋ ಇರಲಿಲ್ಲ. ಆದರೆ ಶೈಲಾ ಅಂಗಡಿ ಶುರು ಮಾಡಿದ ಹೊಸತರಲ್ಲಿ ಬಿಡಿಸಿ ಮರೆತೇಬಿಟ್ಟಿದ್ದ ಜೋಡಿ ಗಿಣಿಗಳಿದ್ದವು, ಮಾವಿನ ಕೊಂಬೆಯ ಮೇಲೆ ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು.

“ಅಯ್ಯೋ, ಇದ್ಯಾಕ್ ತಾಯಿ ಮೊದ್ಲೇ ತೋರಿಸ್ಲಿಲ್ಲ? ನವಿಲು ಯಾರಿಗ್ ಬೇಕು! ಇದೇ ಹಾಕು,” ಎಂದರು ಮುನಿರತ್ನಮ್ಮ. ಮಗಳಿಗೆ ಫೋಟೋ ಕಳಿಸಿದರು. ಅಲ್ಲಿಂದಲೂ ಒಪ್ಪಿಗೆ ಬಂತು.

“ನೋಡಿದ್ರಾ, ಎಲ್ಲ ನನ್ನ ಬ್ಯಾಕಪ್ಪಿನಿಂದ!” ಎಂದೆ ನಾನು, ಎದೆ ಸ್ವಲ್ಪ ಉಬ್ಬಿಸಿ.

ಮುನಿರತ್ನಮ್ಮ ಶೈಲಾಳ ಕಡೆ ಬಾಗಿದರು. “ತೋಳಿನ ಅಂಚಿಗೆ ಮದ್ವೆ ತಾರೀಕು ಹಾಕ್ಬೇಕು ತಾಯಿ. ಮೇಷ್ಟ್ರ ಕೈಲಿ ಮಾತ್ರ ಟೈಪ್ ಮಾಡಿಸ್ಬೇಡ!”

ಗಣಿತದ ಮೇಷ್ಟ್ರು ಕಾಫಿ ಮಾಡಲು ಒಳಗೆ ಹೋದರು. ಎಷ್ಟು ಚಮಚ ಸಕ್ಕರೆ ಎಂಬುದನ್ನು ಶೈಲಾ ಹೊರಗಿನಿಂದಲೇ ಎರಡು ಸಲ ಕೂಗಿ ಹೇಳಿದಳು.